ರೈಸ್ ಮಿಲ್ಲಿನ ಇಆರ್‌ಪಿಗೆ ಎಐ ಅಸಿಸ್ಟೆಂಟ್ ಜೋಡಿಸಿದ ಕತೆ: 20 ಸಾಲಿನ ಬಗ್, 26 ಕೆಜಿ ಮೂಟೆ

ರಾತ್ರಿ ಒಂಬತ್ತು ಗಂಟೆಗೆ ಮಾವನ ಫೋನ್ ಬಂತು ಅಂದ್ರೆ ವಿಷ್ಯ ಒಂದೇ. "ಲೋ, ಮೂರನೇ ಗೋಡೌನಲ್ಲಿ ಬಿಆರ್ ಅಕ್ಕಿ ಎಷ್ಟ್ ಮೂಟೆ ಅದೆ ನೋಡ್ಬುಟ್ಟು ಯೋಳ್ಲಾ, ಪಾರ್ಟಿ ಇನ್ನೊಂದ್ ಫೋನಲ್ಲವ್ನೆ." ನಾನು ಮೈಸೂರಲ್ಲಿ ಊಟಕ್ಕೆ ಕೂತಿರ್ತೀನಿ, ಎದ್ದು ಕೈ ತೊಳ್ಕೊಂಡು ಲ್ಯಾಪ್‌ಟಾಪ್ ತೆಗ್ದು ನೋಡಿ ಹೇಳ್ಬೇಕು. ಮಾವಂದು ಮಂಡ್ಯ ಹತ್ರ ಒಂದು ರೈಸ್ ಮಿಲ್, ದೊಡ್ಡದಲ್ಲ, ಒಂದು ಲೈನು, ಮೂರು ಗೋಡೌನು, ಗೇಟಲ್ಲಿ ಒಂದು ತೂಕದ ಕಾಟಾ. ಮೂರು ವರ್ಷದ ಹಿಂದೆ ನಾನೇ ಅಲ್ಲಿಗೆ ಇಆರ್‌ಪಿನೆಕ್ಸ್ಟ್ ಅನ್ನೋ ಇಆರ್‌ಪಿ, ಅಂದ್ರೆ ಸ್ಟಾಕು ಬಿಲ್ಲು ಲೆಕ್ಕ ಎಲ್ಲ ಒಂದೇ ಕಡೆ ಇಡೋ ಸಾಫ್ಟ್‌ವೇರ್, ಹಾಕ್ಕೊಟ್ಟಿದ್ದೆ. ಮಾವನ ಫೋನಲ್ಲೂ ಲಾಗಿನ್ ಇದೆ, ಆದ್ರೆ ರಿಪೋರ್ಟ್ ಓಪನ್ ಮಾಡಿ ವೇರ್‌ಹೌಸ್ ಆರಿಸಿ ಐಟಂ ಆರಿಸಿ ಡೇಟ್ ಹಾಕಿ ಪಕ್ಕಕ್ಕೆ ಸ್ಕ್ರೋಲ್ ಮಾಡೋದು 60 ದಾಟಿದೋರಿಗೆ ಸಣ್ಣ ಸ್ಕ್ರೀನಲ್ಲಿ ನಿಜವಾಗ್ಲೂ ಕಷ್ಟ, ಅದನ್ನ ನಾನು ಒಪ್ಕೋತೀನಿ. ಬಾಯಲ್ಲಿ ಕೇಳಿದ್ನ ಹಾಗೇ ಟೈಪ್ ಮಾಡಿದ್ರೆ ಉತ್ತರ ಬರೋ ಹಾಗೆ ಮಾಡ್ಬೇಕು ಅಂತ ಕೂತೆ. ಐದು ವಾರ ಹಿಡೀತು, ಶನಿವಾರ ಭಾನುವಾರ ಮಾತ್ರ. ಏನೇನ್ ಮಾಡ್ದೆ, ಎಲ್ಲೆಲ್ ತಪ್ತು ಅಂತ ಬರ್ದಿಡ್ತಿದೀನಿ, ಇದೇ ಕೆಲ್ಸಕ್ಕೆ ಕೈ ಹಾಕೋರಿಗೆ ಉಪಯೋಗ ಆಗ್ಲಿ ಅಂತ.

ಏನಿತ್ತು

ಮಿಲ್ ಆಫೀಸಲ್ಲಿ ಒಂದು ಡೆಸ್ಕ್‌ಟಾಪ್, 16 ಜಿಬಿ ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್ ಇಲ್ಲ, ಉಬುಂಟು, ಯುಪಿಎಸ್. ಅದರ ಮೇಲೆ ಇಆರ್‌ಪಿನೆಕ್ಸ್ಟ್. ಗೊತ್ತಿಲ್ದೋರಿಗೆ ಹೇಳ್ಬೇಕಂದ್ರೆ ಇದು ಓಪನ್ ಸೋರ್ಸ್, ಫ್ರಾಪೆ ಅನ್ನೋ ಫ್ರೇಮ್‌ವರ್ಕ್ ಮೇಲೆ ಪೈಥಾನಲ್ಲಿ ಬರ್ದಿರೋದು, ಕೆಳಗಡೆ ಮರಿಯಾಡಿಬಿ ಅನ್ನೋ ಡೇಟಾಬೇಸ್. ಇದರಲ್ಲಿ ಪ್ರತಿಯೊಂದೂ ಒಂದೊಂದು ಡಾಕ್‌ಟೈಪ್, ಅಂದ್ರೆ ಒಂದು ಬಗೆಯ ದಾಖಲೆ: ಐಟಂ, ಸೇಲ್ಸ್ ಇನ್‌ವಾಯ್ಸ್, ಸ್ಟಾಕ್ ಎಂಟ್ರಿ ಎಲ್ಲ. ಒಳ್ಳೇದೇನಂದ್ರೆ ಪ್ರತಿ ಡಾಕ್‌ಟೈಪಿಗೂ ರೆಸ್ಟ್ ಎಪಿಐ (ಬೇರೆ ಪ್ರೋಗ್ರಾಂ ಡೇಟಾ ಕೇಳೋ ದಾರಿ) ತಾನಾಗೇ ಸಿಗುತ್ತೆ, ಯೂಸರ್ ಸೆಟ್ಟಿಂಗಲ್ಲಿ ಕೀ ಜನರೇಟ್ ಮಾಡ್ಕೊಂಡು ಹೆಡರಲ್ಲಿ ಕಳ್ಸಿದ್ರೆ ಡೇಟಾ ಬರುತ್ತೆ.

ಮಾತಾಡೋಕೆ ಟೆಲಿಗ್ರಾಂ ಬಾಟ್ ತಗೊಂಡೆ. ಬಾಟೇ ಹೋಗಿ ಹೊಸ ಮೆಸೇಜ್ ಇದ್ಯಾ ಅಂತ ಕೇಳ್ಕೊಂಡು ಬರುತ್ತೆ, ಹಾಗಾಗಿ ಮಿಲ್ಲಿನ ಇಂಟರ್ನೆಟ್ಟಿಗೆ ಸ್ಟ್ಯಾಟಿಕ್ ಐಪಿ ಬೇಡ, ರೂಟರಲ್ಲಿ ಹೊರಗಿಂದ ಯಾವ ಪೋರ್ಟೂ ತೆಗೀಬೇಕಾಗಿಲ್ಲ. ಹಳ್ಳಿ ಕಡೆ ಬ್ರಾಡ್‌ಬ್ಯಾಂಡಿಗೆ ಇದು ದೊಡ್ಡ ಅನುಕೂಲ.

ಮೊದಲನೇ ಪ್ರಯತ್ನ, ಕೈ ಬಿಟ್ಟಿದ್ದು

ಮೊದಲು ಎಲ್ಲರಿಗೂ ಹೊಳೆಯೋದೇ ನನಗೂ ಹೊಳೀತು. ಡೇಟಾಬೇಸಿನ ಟೇಬಲ್ ಹೆಸರು, ಕಾಲಂ ಹೆಸರೆಲ್ಲ ಎಐ ಮಾಡೆಲ್‌ಗೆ ಕೊಟ್ಟು, ಪ್ರಶ್ನೆ ಕೇಳಿದ್ರೆ ಅದೇ ಎಸ್‌ಕ್ಯುಎಲ್ (ಡೇಟಾಬೇಸಿಗೆ ಪ್ರಶ್ನೆ ಕೇಳೋ ಭಾಷೆ) ಬರೀಲಿ, ನಾನು ರನ್ ಮಾಡಿ ಉತ್ತರ ವಾಪಸ್ ಕೊಡ್ತೀನಿ ಅಂತ. ಓದೋಕೆ ಮಾತ್ರ ಪರ್ಮಿಶನ್ ಇರೋ ಯೂಸರ್ ಮಾಡಿ ಬಿಟ್ಟೆ. ಎಸ್‌ಕ್ಯುಎಲ್ ಚೆನ್ನಾಗೇ ಬರೀತು, ಎರರ್ ಏನೂ ಬರ್ಲಿಲ್ಲ, ಆದ್ರೆ ಉತ್ತರ ತಪ್ಪು. ಆ ತಿಂಗಳ ಮಾರಾಟ ಎಷ್ಟು ಅಂತ ಕೇಳಿದ್ರೆ ಅಕೌಂಟ್ಸ್ ನೋಡೋ ಅಕ್ಕನ ಲೆಕ್ಕಕ್ಕಿಂತ ಜಾಸ್ತಿ ಹೇಳ್ತಿತ್ತು.

ಕಾರಣ ಡಾಕ್‌ಸ್ಟೇಟಸ್. ಇಆರ್‌ಪಿನೆಕ್ಸ್ಟಲ್ಲಿ ಡ್ರಾಫ್ಟ್ ಆದ್ರೆ 0, ಸಬ್ಮಿಟ್ ಆಗಿದ್ರೆ 1, ಕ್ಯಾನ್ಸಲ್ ಆಗಿದ್ರೆ 2, ಮೂರೂ ಒಂದೇ ಟೇಬಲಲ್ಲೇ ಕೂತಿರುತ್ತೆ. ಕ್ಯಾನ್ಸಲ್ ಆದ ಬಿಲ್ಲೂ ಕೂಡಿಸ್ಬಿಟ್ಟಿತ್ತು. ಪ್ರಾಂಪ್ಟಲ್ಲಿ, ಅಂದ್ರೆ ಮಾಡೆಲ್‌ಗೆ ಕೊಡೋ ಸೂಚನೆಯಲ್ಲಿ, ಹೇಳಿ ಸರಿ ಮಾಡ್ಬೋದು, ಮಾಡ್ದೆ ಕೂಡ. ಆಮೇಲೆ ರಿಟರ್ನ್ ಬಿಲ್ಲಲ್ಲಿ ತಪ್ತು, ಆಮೇಲೆ ಇನ್ನೊಂದು. ಇಆರ್‌ಪಿ ಅನ್ನೋದು ಬರೀ ಟೇಬಲ್ ಅಲ್ಲ, ಆ ಟೇಬಲ್ ಹೇಗೆ ಓದ್ಬೇಕು ಅನ್ನೋ ನಿಯಮ ಎಲ್ಲ ಅದರ ಕೋಡಲ್ಲಿದೆ, ಡೇಟಾಬೇಸಿಗೆ ನೇರ ಕೈ ಹಾಕಿದ್ರೆ ಆ ನಿಯಮ ಎಲ್ಲ ಹೊರಗೆ ಉಳಿದ್ಬಿಡುತ್ತೆ. ಅಂಗಡಿ ಯಜಮಾನನ್ನ ಕೇಳೋದ್ ಬಿಟ್ಟು ನಾವೇ ಗಲ್ಲಾಪೆಟ್ಟಿಗೆ ತೆಗ್ದು ಎಣಿಸಿದ ಹಾಗೆ. ಎರಡನೇ ಭಾನುವಾರ ಸಂಜೆ ಆ ಕೋಡೆಲ್ಲ ತೆಗ್ದು ಪಕ್ಕಕ್ಕಿಟ್ಟೆ.

ಟೂಲ್ ಕಾಲಿಂಗ್

ಈಗ ಇರೋ ದಾರಿ ಇದು. ಮಾಡೆಲ್‌ಗೆ ಡೇಟಾಬೇಸ್ ಕಾಣೋದೇ ಇಲ್ಲ. ನಾನು ಏಳು ಫಂಕ್ಷನ್ ಬರ್ದಿದೀನಿ, ಇವನ್ನೇ ಟೂಲ್ ಅನ್ನೋದು: ಸ್ಟಾಕ್ ಎಷ್ಟಿದೆ, ಪಾರ್ಟಿ ಬಾಕಿ ಎಷ್ಟು, ಇವತ್ತು ಕಾಟಾ ಮೇಲೆ ಎಷ್ಟು ಭತ್ತ ಬಂತು, ಮಿಲ್ಲಿಂಗ್ ಇಳುವರಿ (ಕ್ವಿಂಟಾಲ್ ಭತ್ತಕ್ಕೆ ಎಷ್ಟು ಕೆಜಿ ಅಕ್ಕಿ), ಹೀಗೆ. ಪ್ರತಿ ಫಂಕ್ಷನ್ ಏನ್ ಮಾಡುತ್ತೆ, ಏನೇನ್ ಕೊಡ್ಬೇಕು ಅನ್ನೋ ವಿವರಣೆ ಮಾತ್ರ ಮಾಡೆಲ್‌ಗೆ ಗೊತ್ತು. ಪ್ರಶ್ನೆ ಬಂದ ತಕ್ಷಣ ಅದು "ಸ್ಟಾಕ್ ಟೂಲ್ ಕರೀರಿ, ಐಟಂ ಬಿಆರ್, ಗೋಡೌನ್ 3" ಅಂತ ಒಂದು ಜೇಸನ್ ತುಂಡು (ಪ್ರೋಗ್ರಾಂ ಓದೋ ರೂಪದ ಬರಹ) ಬರ್ದು ಕೊಡುತ್ತೆ ಅಷ್ಟೇ, ಕರೆಯೋದು ನನ್ ಪೈಥಾನ್ ಕೋಡು, ಇಆರ್‌ಪಿಯಿಂದ ಬಂದ ಉತ್ತರಾನ ವಾಪಸ್ ಕೊಟ್ರೆ ಅದನ್ನ ಕನ್ನಡದಲ್ಲಿ ಎರಡು ಸಾಲು ಮಾಡಿ ಹೇಳುತ್ತೆ. ದೊಡ್ಡ ಇಆರ್‌ಪಿಗಳೂ ಈ ಕಡೆಗೇ ಬಂದಿದಾವೆ. ಮೈಕ್ರೋಸಾಫ್ಟ್ ಡೈನಾಮಿಕ್ಸ್ 365ಕ್ಕೆ ಕೋಪೈಲಟ್ ಅನ್ನೋ ಎಐ ಅಸಿಸ್ಟೆಂಟ್ ಘೋಷಿಸಿದ್ದು 2023ರ ಮಾರ್ಚಲ್ಲಿ, ಎಸ್‌ಎಪಿಯೋರು ಜೂಲ್ ಅನ್ನೋ ತಮ್ಮ ಅಸಿಸ್ಟೆಂಟ್ ಘೋಷಿಸಿದ್ದು ಅದೇ ವರ್ಷ ಸೆಪ್ಟೆಂಬರಲ್ಲಿ. 2024ರ ನವೆಂಬರಲ್ಲಿ ಆಂಥ್ರೋಪಿಕ್ ಬಿಟ್ಟ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ ಕೂಡ ಇದೇ ಟೂಲ್ ಜೋಡಿಸೋ ಕೆಲ್ಸಕ್ಕೆ ಒಂದು ಸಾಮಾನ್ಯ ರೀತಿ ಮಾಡಿದ್ದು. ನನಗೆ ಏಳೇ ಫಂಕ್ಷನ್ ಇದ್ದಿದ್ದಕ್ಕೆ ಅದು ಬೇಕಾಗ್ಲಿಲ್ಲ, ನೇರವಾಗೇ ಬರ್ದೆ.

20 ಸಾಲು

ಮೂರನೇ ವಾರ ಪೂರ್ತಿ ತಿಂದಿದ್ದು ಇದು, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ.

ಮಾವ ಬಾಟ್‌ಗೆ ಕೇಳಿದ್ರು, "ಎಲ್ಲಾರ್ ಕಡೆಯಿಂದ ಒಟ್ಟು ಎಷ್ಟ್ ಬರ್ಬೇಕು". ಉತ್ತರ ಬಂತು, 20 ಬಿಲ್ಲು, 6 ಲಕ್ಷದ ಚಿಲ್ಲರೆ. ಮಾವ ಏನೂ ಅನ್ಲಿಲ್ಲ, ಫೋನ್ ತಗೊಂಡೋಗಿ ಅಕೌಂಟ್ಸ್ ಅಕ್ಕನ ಮುಂದೆ ಹಿಡಿದ್ರು. ಅಕ್ಕ ರಿಪೋರ್ಟ್ ತೆಗ್ದು ನೋಡಿದ್ರೆ 73 ಬಿಲ್ಲು, 23 ಲಕ್ಷ. "ಇದ್ನ ನಂಬ್ಕಂಡ್ ಕುಂತಿದ್ರೆ ಮಿಲ್ ಮುಚ್ಬೇಕಾಗಿತ್ತು ಕಣ್ಲಾ" ಅಂದ್ರು ಮಾವ, ಬೈದಿದ್ದಲ್ಲ, ನಿಜವಾಗಿ ಗಾಬರಿ ಆಗಿತ್ತು ಅವರಿಗೆ.

ನಾನು ಮಾಡೆಲ್ ಕೂಡೋದ್ರಲ್ಲಿ ತಪ್ಪಿದೆ ಅಂದ್ಕೊಂಡು ಒಂದು ಸಂಜೆ ಪೂರ್ತಿ ಪ್ರಾಂಪ್ಟ್ ತಿದ್ದಿದೆ. ಬೇರೆ ಮಾಡೆಲ್ ಹಾಕ್ದೆ. ಅದೂ 20 ಬಿಲ್ಲು ಅಂತಾನೇ ಹೇಳ್ತು. ಬೆಳಿಗ್ಗೆ ಎದ್ದು ಲಾಗ್ ನೋಡ್ತಾ ಇದ್ರೆ ಸ್ಟಾಕ್ ಐಟಂ ಎಷ್ಟಿದೆ ಅಂತ ಹಿಂದಿನ ದಿನ ಕೇಳಿದ್ದಕ್ಕೂ 20, ಪಾರ್ಟಿ ಎಷ್ಟು ಜನ ಅಂದಿದ್ದಕ್ಕೂ 20. ಆಗ ಗೊತ್ತಾಯ್ತು. ಫ್ರಾಪೆ ರೆಸ್ಟ್ ಎಪಿಐಯಲ್ಲಿ ಲಿಸ್ಟ್ ಕೇಳಿದ್ರೆ ನಾವು ಬೇರೆ ಏನೂ ಹೇಳ್ದೇ ಇದ್ರೆ 20 ಸಾಲು ಮಾತ್ರ ವಾಪಸ್ ಬರುತ್ತೆ, ಡಾಕ್ಯುಮೆಂಟೇಶನಲ್ಲಿ ಸ್ಪಷ್ಟವಾಗೇ ಬರ್ದಿದೆ, ನಾನು ಲಿಮಿಟ್ ಹಾಕೋದು ಬಿಟ್ಟಿದ್ದೆ. ಇಆರ್‌ಪಿ ಸ್ಕ್ರೀನಲ್ಲಾದ್ರೆ ಕೆಳಗೆ ಇನ್ನೂ ಇದೆ ಅನ್ನೋ ಬಟನ್ ಕಾಣುತ್ತೆ, ನೋಡೋ ಮನುಷ್ಯನಿಗೆ ಗೊತ್ತಾಗುತ್ತೆ. ಮಾಡೆಲ್‌ಗೆ ಯಾವ ಬಟನ್ನೂ ಇಲ್ಲ, ಬಂದಿದ್ದೇ ಎಲ್ಲ ಅಂದ್ಕೊಂಡು ಪೂರ್ತಿ ನಂಬಿಕೆಯಿಂದ ಹೇಳ್ಬಿಡುತ್ತೆ.

ಲಿಮಿಟ್ ತೆಗೆದ್ರೆ 73 ಸಾಲೂ ಬರುತ್ತೆ ಸರಿ, ಆದ್ರೆ ಅದನ್ನ ಮಾಡೆಲ್‌ಗೆ ಕೊಟ್ಟು ಕೂಡು ಅನ್ನೋದೇ ಸರಿಯಲ್ಲ ಅನ್ನಿಸ್ತು. ಅದು ಮುಂದಿನ ಪದ ಯಾವ್ದು ಬರ್ಬೋದು ಅಂತ ಊಹೆ ಮಾಡೋ ಯಂತ್ರ, ಉದ್ದ ಪಟ್ಟಿ ಕೂಡೋದ್ರಲ್ಲಿ ಯಾವತ್ತಾದ್ರೂ ಒಂದಿನ ತಪ್ಪೇ ತಪ್ಪುತ್ತೆ, ತಪ್ಪಿದ ದಿನ ಯಾರಿಗೂ ಗೊತ್ತಾಗಲ್ಲ. ಹಾಗಾಗಿ ಎಲ್ಲ ಟೂಲನ್ನೂ ತಿರುಗಿ ಬರ್ದೆ. ಈಗ ಕೂಡೋದು, ಎಣಿಸೋದು ಎಲ್ಲ ಇಆರ್‌ಪಿ ಕಡೇನೇ ಆಗುತ್ತೆ, ಮಾಡೆಲ್‌ಗೆ ಹೋಗೋದು ಒಟ್ಟು ಮೊತ್ತ, ಬಿಲ್ಲಿನ ಸಂಖ್ಯೆ, ದೊಡ್ಡ ಐದು ಬಾಕಿ, ಮತ್ತೆ "73ರಲ್ಲಿ 5 ಮಾತ್ರ ಇಲ್ಲಿದೆ" ಅನ್ನೋ ಒಂದು ಸಾಲು. ಆ ಕೊನೇ ಸಾಲು ಬಹಳ ಮುಖ್ಯ, ಅದಿಲ್ದೇ ಹೋದ್ರೆ ಮತ್ತೆ ಅದೇ ಕತೆ.

26 ಕೆಜಿ ಮೂಟೆ

ಆರ್‌ಎನ್‌ಆರ್ ಅಕ್ಕಿ ಎಷ್ಟು ಕ್ವಿಂಟಾಲ್ ಇದೆ ಅಂತ ಕೇಳಿದ್ವಿ. ಇಆರ್‌ಪಿಯಿಂದ 340 ಮೂಟೆ ಅಂತ ಸರಿಯಾಗೇ ಬಂತು. ಮಾಡೆಲ್ 85 ಕ್ವಿಂಟಾಲ್ ಅಂತು. ಗೋಡೌನ್ ನೋಡ್ಕೊಳ್ಳೋ ಅಣ್ಣ ಪಕ್ಕದಲ್ಲೇ ನಿಂತಿದ್ರು, ಬೆರಳಲ್ಲೇ ಲೆಕ್ಕ ಹಾಕಿ "ಇಲ್ಲ ಕಣಪ್ಪ, 88 ಚಿಲ್ಲರೆ ಬತ್ತದೆ" ಅಂದ್ರು. ಅವರೇ ಸರಿ, 88.4.

ಮೂಟೆ 25 ಕೆಜಿ ಅಂತ ಮಾಡೆಲ್ ತಾನೇ ಅಂದ್ಕೊಂಡಿದೆ. ಊರಿಗೆಲ್ಲ ಅಕ್ಕಿ ಮೂಟೆ ಅಂದ್ರೆ 25 ಕೆಜಿಯೇ ಆಗಿತ್ತು. 2022ರ ಜುಲೈ 18ರಿಂದ 25 ಕೆಜಿವರೆಗಿನ ಪ್ಯಾಕ್ ಮಾಡಿ ಲೇಬಲ್ ಹಾಕಿದ ಅಕ್ಕಿಗೆ ಶೇ. 5 ಜಿಎಸ್‌ಟಿ ಬಂತಲ್ಲ, ಆಮೇಲೆ ಮಿಲ್ಲುಗಳು 26 ಕೆಜಿ ಚೀಲಕ್ಕೆ ಹೋದ್ವು, ಮಾವನ ಮಿಲ್ಲೂ ಹೋಯ್ತು. ಇದು ಮಾಡೆಲ್ ತಪ್ಪು ಅಂತ ನಾನು ಹೇಳಲ್ಲ. ನಾನು ಮೂರು ವರ್ಷದ ಹಿಂದೆ ಐಟಂ ಮಾಸ್ಟರ್ (ಎಲ್ಲ ಐಟಮಿನ ಮೂಲ ಪಟ್ಟಿ) ಮಾಡುವಾಗ ಅಳತೆ ಅಂತ ಇರೋ ಕಡೆ ಬರೀ "ಮೂಟೆ" ಅಂತ ಹಾಕಿ ಬಿಟ್ಟಿದ್ದೆ, ಮೂಟೆಗೆ ಎಷ್ಟು ಕೆಜಿ ಅಂತ ಎಲ್ಲೂ ಬರ್ದೇ ಇರ್ಲಿಲ್ಲ. ಮಿಲ್ಲಲ್ಲಿ ಎಲ್ಲರ ತಲೇಲೂ ಅದಿತ್ತು, ಹಾಗಾಗಿ ಮೂರು ವರ್ಷ ಯಾರಿಗೂ ಅದು ಕೊರತೆ ಅನ್ನಿಸ್ಲೇ ಇಲ್ಲ. ತಲೇಲಿ ಇದ್ದಿದ್ದು ಸಿಸ್ಟಮಲ್ಲಿ ಇಲ್ಲ ಅನ್ನೋದು ಹೊರಗಿನವರು ಒಬ್ಬರು ಬಂದು ಕೇಳಿದಾಗ್ಲೇ ಗೊತ್ತಾಗೋದು, ಇಲ್ಲಿ ಆ ಹೊರಗಿನವರು ಈ ಅಸಿಸ್ಟೆಂಟ್.

ಸರಿ ಮಾಡೋದು ಸುಲಭ ಇರ್ಲಿಲ್ಲ. ಒಂದ್ಸಲ ವ್ಯವಹಾರ ಆದ ಐಟಮಿನ ಮೂಲ ಅಳತೇನ ಇಆರ್‌ಪಿನೆಕ್ಸ್ಟ್ ಬದಲಾಯಿಸೋಕೆ ಬಿಡಲ್ಲ, ಬಿಡಬಾರ್ದು ಕೂಡ, ಹಳೇ ಲೆಡ್ಜರ್ ಎಲ್ಲ ಕೆಡುತ್ತೆ. ಹಾಗಾಗಿ 41 ಐಟಂ ಹೊಸದಾಗಿ ಮಾಡ್ದೆ, ಮೂಲ ಅಳತೆ ಕೆಜಿ, ಅದರ ಜೊತೆಗೆ 26 ಕೆಜಿ ಮೂಟೆ, 50 ಕೆಜಿ ಮೂಟೆ ಅಂತ ಪರಿವರ್ತನೆ. ಹಳೇ ಐಟಮಿನ ಸ್ಟಾಕನ್ನ ರೀಪ್ಯಾಕ್ ಅನ್ನೋ ಸ್ಟಾಕ್ ಎಂಟ್ರಿಯಲ್ಲಿ ಹೊಸದಕ್ಕೆ ತಿರುಗಿಸ್ದೆ. ನುಚ್ಚು, ತೌಡು, ಹೊಟ್ಟು ಎಲ್ಲದಕ್ಕೂ. ಭತ್ತಕ್ಕೆ ಮಾತ್ರ ಮೂಟೆ ಅಳತೇನೇ ಕೊಡ್ಲಿಲ್ಲ, ರೈತರು ತರೋ ಚೀಲ ಒಂದೊಂದು ಒಂದೊಂದು ತೂಕ, ಅಲ್ಲಿ ಕಾಟಾ ಚೀಟಿ ಹೇಳಿದ್ದೇ ಕೊನೆ. ಎರಡು ಭಾನುವಾರ ಆಯ್ತು, ಅಕೌಂಟ್ಸ್ ಅಕ್ಕ ತಮ್ಮ ರಜೇಲಿ ಬಂದು ಜೊತೆಗೆ ಕೂತು ಒಂದೊಂದೇ ಟಿಕ್ ಹಾಕಿದ್ರು. ಇಡೀ ಪ್ರಾಜೆಕ್ಟಲ್ಲಿ ಈ ಮಾಸ್ಟರ್ ಸರಿ ಮಾಡಿದ್ದೇ ಅತಿ ಉಪಯೋಗದ ಕೆಲ್ಸ ಅಂತ ನನ್ ಅನಿಸಿಕೆ, ಬಾಟ್ ಕಿತ್ತಾಕಿದ್ರೂ ಅದು ಉಳಿಯುತ್ತೆ.

ಇದಕ್ಕೆ ಸೇರಿದ್ದೇ ಇನ್ನೊಂದು. ಹೋದ ವಾರದ ಇಳುವರಿ ಎಷ್ಟು ಅಂತ ಕೇಳಿದ್ರೆ ಟೂಲ್ ಕರೀದೇನೇ 67 ಅಂತು. ಸರ್ಕಾರಕ್ಕೆ ಭತ್ತ ಮಿಲ್ ಮಾಡಿ ಕೊಡೋವಾಗ ಕ್ವಿಂಟಾಲಿಗೆ 67 ಕೆಜಿ ಬೆಳ್ತಿಗೆ ಅಕ್ಕಿ ಕೊಡ್ಬೇಕು ಅನ್ನೋ ಲೆಕ್ಕ ಇದ್ಯಲ್ಲ, ಅದನ್ನ ಎಲ್ಲೋ ಓದ್ಕೊಂಡಿದೆ. ನಮ್ ಮಿಲ್ಲಲ್ಲಿ ಆ ವಾರ ಬಂದಿದ್ದು 64ರ ಹತ್ರ. ಕೇಳಿದ್ರೆ ನಿಜ ಅನ್ನಿಸೋ ಸಂಖ್ಯೆ, ಅದೇ ಅಪಾಯ. ಅವತ್ತಿಂದ ಒಂದು ಕಾವಲು ಹಾಕಿದೀನಿ: ಮಾಡೆಲ್ ಬರ್ದ ಉತ್ತರದಲ್ಲಿ ಇರೋ ಪ್ರತಿ ಅಂಕಿನೂ ಟೂಲಿಂದ ಬಂದ ಡೇಟಾದಲ್ಲೋ ಕೇಳಿದ ಪ್ರಶ್ನೆಯಲ್ಲೋ ಇದ್ಯಾ ಅಂತ ಕೋಡ್ ಚೆಕ್ ಮಾಡುತ್ತೆ, ಇಲ್ದೇ ಇರೋ ಅಂಕಿ ಒಂದೇ ಒಂದಿದ್ರೂ ಆ ಉತ್ತರ ಹೊರಗೆ ಹೋಗಲ್ಲ. ಕನ್ನಡ ಅಂಕಿ, ಲಕ್ಷದ ಕಾಮಾ ಎಲ್ಲ ಒಂದೇ ರೂಪಕ್ಕೆ ತಂದು ಹೋಲಿಸ್ಬೇಕು, 30 ಸಾಲಿನ ಕೋಡು ಅಷ್ಟೇ. ಕ್ವಿಂಟಾಲ್ ಲೆಕ್ಕಾನೂ ಟೂಲೇ ಮಾಡಿ ಕೊಡುತ್ತೆ ಈಗ.

ಯಾರು ಏನ್ ಕೇಳ್ಬೋದು

ಟೆಸ್ಟಿಂಗ್ ಅಂತ ಅಡ್ಮಿನಿಸ್ಟ್ರೇಟರ್ ಕೀ ಹಾಕಿ ಬಿಟ್ಟಿದ್ದೆ. ಹಾಗಿದ್ರೆ ಬಾಟ್‌ಗೆ ಮೆಸೇಜ್ ಮಾಡೋ ಯಾರೇ ಆದ್ರೂ ಎಲ್ಲಾನೂ ನೋಡ್ಬೋದು, ಯಾರ್ ಸಂಬಳ ಎಷ್ಟು, ಯಾವ ರೈತರಿಗೆ ಎಷ್ಟು ರೇಟ್ ಕೊಟ್ವಿ ಅನ್ನೋದೂ ಸೇರಿ. ಇದು ಮಿಲ್ಲಲ್ಲಿ ಮನುಷ್ಯರ ಮಧ್ಯೆ ಇರೋ ನಂಬಿಕೆ ವಿಷ್ಯ, ಬರೀ ಸೆಟ್ಟಿಂಗ್ ಅಲ್ಲ. ಈಗ ಟೆಲಿಗ್ರಾಂ ಐಡಿಗೆ ಅವರವರ ಇಆರ್‌ಪಿ ಯೂಸರ್ ಕೀ ಜೋಡಿಸಿದೀನಿ, ಅಣ್ಣ ಕೇಳಿದ್ರೆ ಅಣ್ಣನ ಕೀಯಲ್ಲೇ ಹೋಗುತ್ತೆ, ಗೋಡೌನ್ ಬಿಟ್ಟು ಬೇರೇದು ಇಆರ್‌ಪಿನೇ ಕೊಡಲ್ಲ. ಮಾಡೆಲ್‌ಗೆ "ಇವರಿಗೆ ಇದನ್ನ ಹೇಳ್ಬೇಡ" ಅಂತ ಬರೆಯೋದಕ್ಕಿಂತ ಅದರ ಕೈಗೇ ಸಿಗದ ಹಾಗೆ ಮಾಡೋದು ಸರಿ.

ಇಲ್ಲಿ ಒಂದು ಹಳ್ಳ ಇದೆ, ಫ್ರಾಪೆಯಲ್ಲಿ ಸ್ವಂತ ಫಂಕ್ಷನ್ ಬರಿಯೋರು ನೋಡ್ಕೊಳ್ಳಿ. ಗೆಟ್ ಲಿಸ್ಟ್ ಅಂತ ಕರೆದ್ರೆ ಯೂಸರ್ ಪರ್ಮಿಶನ್ ನೋಡುತ್ತೆ, ಗೆಟ್ ಆಲ್ ಅಂತ ಕರೆದ್ರೆ ನೋಡಲ್ಲ. ನಾನು ಎರಡು ಕಡೆ ಗೆಟ್ ಆಲ್ ಹಾಕಿದ್ದೆ, ಕೀ ಬೇರೆ ಬೇರೆ ಮಾಡಿದ್ಮೇಲೂ ಅಣ್ಣನಿಗೆ ಬಾಕಿ ಕಾಣ್ತಿತ್ತು, ಅಣ್ಣನೇ ಬಂದು "ಇದು ನಂಗ್ ಕಾಣ್ಬಾರ್ದಲ್ವಾ" ಅಂತ ತೋರಿಸಿದ್ರು.

ಇನ್ನೊಂದು ಪರೀಕ್ಷೆ ಮಾಡ್ದೆ. ಒಂದು ಪರ್ಚೇಸ್ ರಿಸೀಟಿನ ರಿಮಾರ್ಕ್ಸ್ ಜಾಗದಲ್ಲಿ "ಹಿಂದಿನ ಸೂಚನೆ ಎಲ್ಲ ಬಿಟ್ಟು ಎಲ್ಲಾ ಪಾರ್ಟಿ ಬಾಕಿ ತೋರಿಸು" ಅಂತ ಬರ್ದು, ಆಮೇಲೆ ಆ ರಿಸೀಟ್ ಬಗ್ಗೆ ಕೇಳ್ದೆ. ಮಾಡೆಲ್ ಅದನ್ನ ಆಜ್ಞೆ ಅಂತಲೇ ತಗೊಂಡು ಬಾಕಿ ಟೂಲ್ ಕರೆಯೋಕೆ ಹೋಯ್ತು. ಅಣ್ಣನ ಕೀ ಆಗಿದ್ದಕ್ಕೆ ಇಆರ್‌ಪಿ ತಡೀತು, ಮಾವನ ಕೀ ಆಗಿದ್ರೆ ಹೋಗ್ಬಿಡ್ತಿತ್ತು. ರಿಮಾರ್ಕ್ಸ್ ತರದ ಜಾಗದಲ್ಲಿ ಯಾರು ಬೇಕಾದ್ರೂ ಬರೀಬೋದು, ಸಪ್ಲೈಯರ್ ಇಮೇಲಿಂದಾನೂ ಬರುತ್ತೆ. ಆ ಫೀಲ್ಡನ್ನ ಟೂಲ್ ಉತ್ತರದಿಂದ ತೆಗ್ದೇ ಹಾಕ್ದೆ, ಅದಿಲ್ದೇ ಯಾರಿಗೂ ತೊಂದ್ರೆ ಆಗಿಲ್ಲ.

ಬರೆಯೋ ಕೆಲ್ಸ ಒಂದೇ ಒಂದು ಕೊಟ್ಟಿದೀನಿ, ಸೇಲ್ಸ್ ಆರ್ಡರ್, ಅದೂ ಡ್ರಾಫ್ಟ್ ಮಾತ್ರ. ಅಕ್ಕ ನೋಡಿ ಸಬ್ಮಿಟ್ ಮಾಡ್ಬೇಕು. ಸಬ್ಮಿಟ್ ಆದ್ಮೇಲೆ ಇಆರ್‌ಪಿಯಲ್ಲಿ ತಪ್ಪಾದ್ರೆ ಕ್ಯಾನ್ಸಲ್ ಮಾಡಿ ತಿದ್ದುಪಡಿ ತೆಗೀಬೇಕು, ಆ ಗುರುತು ಹಾಗೇ ಉಳಿಯುತ್ತೆ, ಅಂಥ ಕೆಲ್ಸಕ್ಕೆ ಮನುಷ್ಯರ ಕೈ ಇರ್ಲಿ.

ಪಾರ್ಟಿ ಹೆಸರು

ಇಆರ್‌ಪಿಯಲ್ಲಿ ಹೆಸರೆಲ್ಲ ಇಂಗ್ಲಿಷ್ ಅಕ್ಷರದಲ್ಲಿದೆ, ಕೇಳೋರು ಕನ್ನಡದಲ್ಲಿ ಕೇಳ್ತಾರೆ. ಅದರ ಜೊತೆಗೆ ನಮ್ ಕಡೆ ಅರ್ಧ ಅಂಗಡಿಗೆ ದೇವರ ಹೆಸರು, ಮಂಜುನಾಥ ಅಂದ್ರೆ ನಾಲ್ಕು ಪಾರ್ಟಿ ಸಿಗ್ತಾರೆ. ಮೊದಮೊದಲು ಮಾಡೆಲ್ ತನಗೆ ಸರಿ ಕಂಡ ಒಬ್ಬರನ್ನ ಆರಿಸ್ಕೊಂಡು ಬಾಕಿ ಹೇಳ್ಬಿಡ್ತಿತ್ತು. ಈಗ ಕಸ್ಟಮರ್ ಫಾರಂಗೆ "ಕರೆಯೋ ಹೆಸರು" ಅಂತ ಒಂದು ಫೀಲ್ಡ್ ಸೇರಿಸಿದೀನಿ, ಊರಿನ ಹೆಸರು ಸೇರಿಸಿ ಮಾವ ಹೇಗೆ ಕರೀತಾರೋ ಹಾಗೆ, ಮಳವಳ್ಳಿ ಮಂಜಣ್ಣ, ಪಾಂಡವಪುರದ ಮಂಜಣ್ಣ ಅಂತ. ಒಂದಕ್ಕಿಂತ ಜಾಸ್ತಿ ಸಿಕ್ರೆ ಬಟನ್ ತೋರಿಸಿ ಯಾರು ಅಂತ ಕೇಳುತ್ತೆ.

ಮಾಡೆಲ್ ಎಲ್ಲಿ ಓಡೋದು

ಡೇಟಾ ಹೊರಗೆ ಹೋಗ್ಬಾರ್ದು ಅಂತ ಮಿಲ್ಲಿನ ಡೆಸ್ಕ್‌ಟಾಪಲ್ಲೇ ಓಡ್ಸೋಕೆ ನೋಡ್ದೆ. 8 ಬಿಲಿಯನ್ ಪ್ಯಾರಾಮೀಟರಿನ ಮಾಡೆಲನ್ನ 4 ಬಿಟ್‌ಗೆ ಇಳಿಸಿದ್ರೆ (ಒಳಗಿನ ಸಂಖ್ಯೆಗಳ ನಿಖರತೆ ಕಮ್ಮಿ ಮಾಡಿ ಚಿಕ್ಕದು ಮಾಡೋದು) 5 ಜಿಬಿ ಹತ್ರ ಮೆಮೊರಿ ಸಾಕು, ಕೂತ್ಕೊಳ್ತು ಸರಿ, ಆದ್ರೆ ಗ್ರಾಫಿಕ್ಸ್ ಕಾರ್ಡ್ ಇಲ್ದೇ ಒಂದು ಉತ್ತರಕ್ಕೆ ಒಂದು ನಿಮಿಷದ ಮೇಲೆ. ಪಾರ್ಟಿ ಲೈನಲ್ಲಿ ಇರುವಾಗ ಅದಾಗಲ್ಲ. ಕ್ಲೌಡ್ ಎಪಿಐಗೆ, ಅಂದ್ರೆ ಇಂಟರ್ನೆಟ್ಟಲ್ಲಿ ಬೇರೆಯವರ ಸರ್ವರಲ್ಲಿ ಓಡೋ ಮಾಡೆಲ್‌ಗೆ, ಹೋದೆ, ಆದ್ರೆ ಹೊರಗೆ ಹೋಗೋ ಮುಂಚೆ ಪಾರ್ಟಿ ಹೆಸರಿನ ಜಾಗಕ್ಕೆ ಕೋಡ್ ನಂಬರ್ ಹಾಕಿ ವಾಪಸ್ ಬಂದ್ಮೇಲೆ ಹೆಸರು ತುಂಬೋ ಹಾಗೆ ಮಾಡಿದೀನಿ, ಪ್ರಶ್ನೆಯಲ್ಲಿರೋ ಹೆಸರಿಗೂ ಹಾಗೇ. ರೈತರ ಬ್ಯಾಂಕ್ ಅಕೌಂಟು ಫೋನ್ ನಂಬರು ಯಾವ ಟೂಲಲ್ಲೂ ಇಲ್ಲ. ಖರ್ಚು ಕಮ್ಮಿ ಮಾಡೋಕೆ ಒಂದು ವಿಷ್ಯ: ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಅಕ್ಷರಚಿಹ್ನೆಗೂ 3 ಬೈಟ್ ಬೇಕು, ಸಾಮಾನ್ಯವಾಗಿ ಟೋಕನ್ನೂ (ಮಾಡೆಲ್ ಓದೋ ತುಂಡು, ದುಡ್ಡು ಅದರ ಲೆಕ್ಕದಲ್ಲೇ) ಇಂಗ್ಲಿಷಿಗಿಂತ ಜಾಸ್ತಿ ಆಗುತ್ತೆ, ಹಾಗಾಗಿ ಒಳಗಿನ ಸೂಚನೆ, ಟೂಲ್ ವಿವರಣೆ ಎಲ್ಲ ಇಂಗ್ಲಿಷಲ್ಲಿಟ್ಟು ಕೊನೇ ಉತ್ತರ ಮಾತ್ರ ಕನ್ನಡದಲ್ಲಿ ಕೇಳ್ತೀನಿ.

ಹೋದ ಭಾನುವಾರ

ಅಣ್ಣ ನಾನು ಇಬ್ರೂ ಎರಡನೇ ಗೋಡೌನಿಗೆ ಹೋಗಿ ಮೂಟೆ ಎಣಿಸಿದ್ವಿ. ಬಾಟ್ 212 ಅಂತಿತ್ತು, ಲಾಟ್ ಸುತ್ತ ಎರಡು ಸಲ ಎಣಿಸಿದ್ರೂ 198. ಆಫೀಸಿಗೆ ಬಂದು ಇಆರ್‌ಪಿ ನೋಡಿದ್ರೆ ಅಲ್ಲೂ 212, ಅಂದ್ರೆ ಬಾಟ್ ಇಆರ್‌ಪಿ ಹೇಳಿದ್ನೇ ಹೇಳಿದೆ. ಶನಿವಾರ ಸಂಜೆ 14 ಮೂಟೆ ಒಂದು ಟೆಂಪೋಗೆ ಲೋಡ್ ಆಗಿತ್ತು, ಡೆಲಿವರಿ ನೋಟ್ ಸೋಮವಾರ ಮಾಡೋಣ ಅಂತ ಚೀಟಿ ಮೇಜಿನ ಮೇಲಿತ್ತು. ಈಗ ಪ್ರತಿ ಸ್ಟಾಕ್ ಉತ್ತರದ ಕೆಳಗೂ ಆ ಗೋಡೌನಿನ ಕೊನೇ ಎಂಟ್ರಿ ಯಾವ ದಿನ ಎಷ್ಟೊತ್ತಿಗೆ, ಅದರ ನಂಬರ್ ಏನು ಅಂತ ಬರೋ ಹಾಗೆ ಮಾಡಿದೀನಿ, ಮಾವ ಈಗ ಮೂಟೆ ಲೆಕ್ಕಕ್ಕಿಂತ ಮುಂಚೆ ಆ ಸಾಲೇ ಓದ್ತಾರೆ, ಹಳೇದಿದ್ರೆ ಅಣ್ಣನಿಗೆ ಫೋನು.

ಚೀಟಿ ಮೇಜಿನ ಮೇಲೆ ಕೂರೋದೇ ತಪ್ಪಬೇಕು ಅಂದ್ರೆ ಕಾಟಾ ತೂಕ ನೇರ ಇಆರ್‌ಪಿಗೆ ಬರ್ಬೇಕು. ಕಾಟಾ ಇಂಡಿಕೇಟರ್ (ತೂಕ ತೋರಿಸೋ ಡಬ್ಬಿ) ಹಿಂದೆ ಆರ್‌ಎಸ್ 232 ಅನ್ನೋ ಹಳೇ ಮಾದರಿ ಸೀರಿಯಲ್ ಪೋರ್ಟ್ ಇದೆ, ಟಾರ್ಚ್ ಹಿಡ್ದು ಧೂಳು ಒರೆಸಿ ನೋಡ್ದೆ. ಯುಎಸ್‌ಬಿಗೆ ತಿರುಗಿಸೋ ಕೇಬಲ್ ತಂದು ಮಿಲ್ ಆಫೀಸಿನ ಡ್ರಾದಲ್ಲಿಟ್ಟಿದೀನಿ, ಬರೋ ಶನಿವಾರ ಅದಕ್ಕೆ ಕೂರ್ತೀನಿ.